ಬೌಲಿಂಗ್ ಕ್ಲಬ್ಬಿನ ಗುರುವಾರಗಳು

ನಾನು ಬೌಲಿಂಗ್ ಕ್ಲಬ್ಬಿಗೆ ಸೇರಿದ್ದು ಕಾರು ನಿಲ್ಲಿಸಲಿಕ್ಕೆ. ಆಗ ನಾವು ಸಿಡ್ನಿಯ ಮಾರ್ಸ್ಡನ್ ಪಾರ್ಕ್‌ನಲ್ಲಿ ಹೊಸದಾಗಿ ಮನೆ ಕಟ್ಟಿಸಿಕೊಂಡಿದ್ದೆವು. ನನ್ನ ಕೆಲಸ ಸಿಡ್ನಿಯದೇ ಇನ್ನೊಂದು ಬಡಾವಣೆಯಾದ ಲಿವರ್‌ಪೂಲ್‌ನಲ್ಲಿ, ಆಸ್ಪತ್ರೆಯೊಂದರ ರಕ್ತಪರೀಕ್ಷೆಯ ಲ್ಯಾಬ್‌ನಲ್ಲಿ. ಇನ್ನೂ ಕತ್ತಲಿರುವಾಗ ಮನೆ ಬಿಟ್ಟು, ಮೋಟರ್‌ವೇ ಮೇಲೆ ತೆವಳಿಕೊಂಡು ಅಲ್ಲಿಗೆ ತಲುಪುವ ಹೊತ್ತಿಗೆ ಸುತ್ತಲಿನ ಬೀದಿಗಳಲ್ಲಿ ಸೈಕಲ್ ನಿಲ್ಲಿಸುವಷ್ಟೂ ಜಾಗ ಉಳಿದಿರುತ್ತಿರಲಿಲ್ಲ. ಹಿಂದಿನ ರಸ್ತೆಯಲ್ಲಿ ಒಂದು ಹಳೆಯ ಬೌಲಿಂಗ್ ಕ್ಲಬ್ ಇದೆ, ಅದರ ಮೆಂಬರ್ ಆದರೆ ಹಗಲೆಲ್ಲ ಅಲ್ಲಿ ಕಾರು ಬಿಡಬಹುದು ಎಂದು ಲ್ಯಾಬ್‌ನಲ್ಲಿ ಯಾರೋ ಹೇಳಿದರು. ಅದೇ ವಾರ ಮೆಂಬರ್ ಆದೆ. ಆಮೇಲೆ ಎಷ್ಟೋ ತಿಂಗಳು ನಾನು ಆ ಕಟ್ಟಡದ ಒಳಗೆ ಕಾಲಿಡಲಿಲ್ಲ. ಕಾರು ನಿಲ್ಲಿಸುವುದು, ಕೆಲಸಕ್ಕೆ ಹೋಗುವುದು, ಮಧ್ಯಾಹ್ನ ಬಂದು ಕಾರು ತೆಗೆಯುವುದು, ಅಷ್ಟೇ.

ಹೊರಡುವ ಮುಂಚೆ ಕೆಲವೊಮ್ಮೆ ಕಾರಿನಲ್ಲಿಯೇ ಕಣ್ಣು ಮುಚ್ಚಿಕೊಂಡು ಕೂರುತ್ತಿದ್ದೆ. ಬೇಲಿಯ ಆಚೆ ಬಿಳಿ ಟೋಪಿ ಹಾಕಿಕೊಂಡ ಮುದುಕಿಯರು ಹುಲ್ಲಿನ ಮೇಲೆ ಚೆಂಡು ಉರುಳಿಸುತ್ತಿರುತ್ತಿದ್ದರು. ಚೆಂಡಿಗೆ ಚೆಂಡು ತಾಗಿದ ಸದ್ದು ಆಗೊಮ್ಮೆ ಈಗೊಮ್ಮೆ ಕೇಳುತ್ತಿತ್ತು. ಯಾರೂ ಕೂಗುತ್ತಿರಲಿಲ್ಲ, ಯಾರೂ ಓಡುತ್ತಿರಲಿಲ್ಲ. ಅದನ್ನು ಆಟ ಎಂದು ಕರೆಯಬಹುದು ಎಂದೇ ನನಗೆ ಅನ್ನಿಸಿರಲಿಲ್ಲ.

ಒಂದು ಗುರುವಾರ ಮಧ್ಯಾಹ್ನ ಕಾರಿನ ಹತ್ತಿರ ಬಂದಾಗ ಅವರಲ್ಲೊಬ್ಬರು ಅದರ ಬಾಗಿಲಿಗೆ ಒರಗಿಕೊಂಡು ನಿಂತಿದ್ದರು. ಎಪ್ಪತ್ತು ದಾಟಿದ ವಯಸ್ಸು, ಉದ್ದನೆಯ ಆಳು, ಮೂಗಿನ ಮೇಲೆ ಬಿಳಿ ಸನ್‌ಸ್ಕ್ರೀನ್. ತಂಡಕ್ಕೆ ನಾಲ್ಕು ಜನ ಬೇಕು, ಒಬ್ಬಳು ಜ್ವರ ಬಂದು ಮಲಗಿದ್ದಾಳೆ, ಎದುರು ಕ್ಲಬ್ಬಿನವರು ಬಂದು ಕಾಯುತ್ತಿದ್ದಾರೆ ಎಂದರು. ನನಗೆ ಆಟವೇ ಗೊತ್ತಿಲ್ಲ ಎಂದೆ.

"ನೀನು ಮೆಂಬರ್ ತಾನೇ? ಎರಡು ಕೈ ಇದೆ. ಬಾ," ಎಂದರು.

ಇಂಗ್ಲಿಷಿನಲ್ಲಿ ನೀನು, ನೀವು ಎಂಬ ಭೇದವಿಲ್ಲ. ಆದರೆ ಅವರು ನನ್ನನ್ನು ನೀನು ಎಂದೇ ಕರೆದಂತೆ ಅವತ್ತು ಕೇಳಿಸಿತು, ಕೊನೆಯವರೆಗೂ ಹಾಗೆಯೇ ಕೇಳಿಸುತ್ತಿತ್ತು. ನಾನು ಅವರಿಗೆ ಆಡಿದ ಮಾತೆಲ್ಲ ನನ್ನೊಳಗೆ ನೀವು ಎಂದೇ ಇರುತ್ತಿತ್ತು. ಇಲ್ಲ ಎನ್ನಬಹುದಿತ್ತು. ಆದರೆ ಇಲ್ಲ ಎಂದು ಹೇಳಿ ಅದಕ್ಕೊಂದು ಕಾರಣ ಹುಡುಕುವುದಕ್ಕೂ ಆ ಹೊತ್ತಿನಲ್ಲಿ ನನ್ನಲ್ಲಿ ತ್ರಾಣವಿರಲಿಲ್ಲ. ನನ್ನ ಶೂ ಹುಲ್ಲನ್ನು ಕೆಡಿಸುತ್ತದೆ ಎಂದು ಬಿಚ್ಚಿಸಿದರು. ಆಸ್ಪತ್ರೆಯ ನೀಲಿ ಸಮವಸ್ತ್ರದಲ್ಲಿ, ಕಾಲುಚೀಲದಲ್ಲಿ ಹುಲ್ಲಿಗಿಳಿದೆ.

ಬೌಲ್ಸ್ ಎಂಬ ಈ ಆಟ ಕಷ್ಟದ್ದಲ್ಲ. ದೂರದಲ್ಲಿ ಒಂದು ಪುಟ್ಟ ಬಿಳಿ ಚೆಂಡು ಇರುತ್ತದೆ, ಅದಕ್ಕೆ ಜ್ಯಾಕ್ ಎನ್ನುತ್ತಾರೆ. ಕೈತುಂಬ ಹಿಡಿಯುವಷ್ಟು ದಪ್ಪದ, ಭಾರವಾದ ಚೆಂಡನ್ನು ಉರುಳಿಸಿ ಅದರ ಹತ್ತಿರಕ್ಕೆ ಕಳಿಸಬೇಕು. ಯಾರದು ಹೆಚ್ಚು ಹತ್ತಿರವೋ ಅವರಿಗೆ ಅಂಕ. ಬೆಂಗಳೂರಿನ ನಮ್ಮ ವಠಾರದಲ್ಲಿ ಗೋಲಿ ಆಡಿದ ನನಗೆ ಇದೇನು ಮಹಾ ಅನ್ನಿಸಿತು. ಗುರಿಯಿಟ್ಟು ನೇರವಾಗಿ ಉರುಳಿಸಿದೆ. ಚೆಂಡು ಚೆನ್ನಾಗಿಯೇ ಹೋಯಿತು, ಕೊನೆಗೆ ವೇಗ ಕಡಿಮೆಯಾಗುತ್ತಿದ್ದಂತೆ ಮೆಲ್ಲಗೆ ಎಡಕ್ಕೆ ತಿರುಗಿ, ಪಕ್ಕದ ತಂಡದವರು ಆಡುತ್ತಿದ್ದ ಕಡೆಗೆ ಹೊರಟುಹೋಯಿತು. ಈ ಚೆಂಡು ಪೂರ್ತಿ ದುಂಡಗಿರುವುದಿಲ್ಲ, ಒಂದು ಮಗ್ಗುಲಿಗೆ ವಾಲುವ ಹಾಗೆಯೇ ಮಾಡಿರುತ್ತಾರೆ ಎಂದು ಆಮೇಲೆ ತಿಳಿಯಿತು. ಆ ಎತ್ತರದ ಹೆಂಗಸು ಎದುರು ತುದಿಯಲ್ಲಿ ನಿಂತು, ಜ್ಯಾಕ್‌ನಿಂದ ಬಹಳ ಪಕ್ಕಕ್ಕೆ ಸರಿದು, ಒಂದು ಕರವಸ್ತ್ರ ಹಿಡಿದು ತೋರಿಸಿದರು. ಇದನ್ನು ನೋಡು, ಜ್ಯಾಕ್ ನೋಡಬೇಡ ಎಂದರು. ಹಾಗೆಯೇ ಮಾಡಿದೆ. ಚೆಂಡು ಸುತ್ತಿ ಬಳಸಿ ಬಂದು ಜ್ಯಾಕ್‌ನ ಪಕ್ಕ ನಿಂತಿತು.

ಆ ಗುರುವಾರ ಸೋತೆವು. ಜ್ವರ ಬಂದವಳು ಮತ್ತೆ ಆಡಲು ಬರಲಿಲ್ಲ. ಆ ಜಾಗ ನನ್ನದಾಯಿತು.

ಎತ್ತರದ ಹೆಂಗಸು ನಮ್ಮ ತಂಡದ ಸ್ಕಿಪ್, ಎಂದರೆ ನಾಯಕಿ. ಎದುರು ತುದಿಯಲ್ಲಿ ನಿಂತು ಎಲ್ಲರಿಗೂ ಎಲ್ಲಿಗೆ, ಎಷ್ಟು ಜೋರಾಗಿ ಎಂದು ಹೇಳುವವರು ಅವರು. ಮೊದಲು ಚೆಂಡು ಉರುಳಿಸುವವಳು ಲೀಡ್, ಅದು ನಾನು. ನಮ್ಮಿಬ್ಬರ ನಡುವೆ ಇನ್ನಿಬ್ಬರು. ಒಬ್ಬರು ಮಾಲ್ಟಾ ದೇಶದಿಂದ ಬಂದು ಶಾಲೆಯೊಂದರ ಕ್ಯಾಂಟೀನ್ ನಡೆಸಿ ನಿವೃತ್ತರಾದವರು, ಮಾತು ಕಡಿಮೆ. ಇನ್ನೊಂದು ಜಾಗಕ್ಕೆ ಪ್ರತಿ ಸಲ ಬೇರೆ ಯಾರಾದರೂ ಸಿಗುತ್ತಿದ್ದರು. ನಲವತ್ತು ದಾಟಿದ್ದ ನಾನು ಆ ಕ್ಲಬ್ಬಿನಲ್ಲಿ ಚಿಕ್ಕ ಹುಡುಗಿ.

ಮನೆಯಲ್ಲಿ ಇದನ್ನು ಯಾರೂ ಆಟವೆಂದು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ನನ್ನ ಗಂಡ ಶನಿವಾರ ಕ್ರಿಕೆಟ್ ಆಡುತ್ತಿದ್ದರು. ಮೈಸೂರು, ದಾವಣಗೆರೆ, ಮಂಡ್ಯದ ಸಾಫ್ಟ್‌ವೇರ್ ಮಂದಿ ಸೇರಿ ಕಟ್ಟಿಕೊಂಡ ಟೀಮು ಅದು. ಹೆಂಡತಿಯರೆಲ್ಲ ಪುಳಿಯೋಗರೆ ಡಬ್ಬಿ ತೆಗೆದುಕೊಂಡು ಹೋಗಿ ಬಿಸಿಲಿನಲ್ಲಿ ಕೂರಬೇಕು. ಮಗಳದು ಶನಿವಾರ ಬೆಳಗ್ಗೆ ನೆಟ್‌ಬಾಲ್, ಅದಕ್ಕೂ ನಾನೇ ಡ್ರೈವರ್. ಕ್ರಿಕೆಟ್ಟು, ನೆಟ್‌ಬಾಲು, ಬೌಲ್ಸು, ಎಲ್ಲ ಬ್ರಿಟಿಷರು ಹಡಗಿನಲ್ಲಿ ತಂದಿಳಿಸಿದ ಆಟಗಳೇ. ಕ್ರಿಕೆಟ್ಟನ್ನು ನಾವು ನಮ್ಮದೇ ಮಾಡಿಕೊಂಡು ಅದು ಎಲ್ಲಿಂದ ಬಂತು ಎಂಬುದನ್ನೇ ಮರೆತಿದ್ದೇವೆ. ಬೌಲ್ಸ್ ಮಾತ್ರ ಪರರ ಆಟವಾಗಿ ಉಳಿಯಿತು. ಯುಗಾದಿ ಊಟದಲ್ಲಿ ನಾನು ಬೌಲ್ಸ್ ಆಡುತ್ತೇನೆ ಎಂದು ಗೊತ್ತಾದಾಗ ಒಬ್ಬ ಗೆಳತಿ, "ಅಯ್ಯೋ, ಅದು ರಿಟೈರ್ ಆದೋರ್ದಲ್ವೇನೇ," ಎಂದು ನಕ್ಕಳು. ನಾನೂ ನಕ್ಕೆ. ಗುರುವಾರ ಆ ಎರಡು ಮೂರು ಗಂಟೆ ನನ್ನನ್ನು ಯಾರೂ ಏನೂ ಕೇಳುವುದಿಲ್ಲ, ಎಲ್ಲಿ ನಿಲ್ಲಬೇಕು ಎಂಬುದನ್ನೂ ಬೇರೆಯವರೇ ಹೇಳುತ್ತಾರೆ, ನಾನು ಬಾಗಿ ಉರುಳಿಸಿದರಾಯಿತು ಎಂದು ಅವಳಿಗೆ ಹೇಳುವುದು ಹೇಗೆ ಎಂದು ತಿಳಿಯಲಿಲ್ಲ.

ಆಟ ಮುಗಿದ ಮೇಲೆ ವರಾಂಡದಲ್ಲಿ ಟೀ. ಸ್ಕಿಪ್ ತಮ್ಮ ಚೆಂಡುಗಳನ್ನು ಹಳೆಯ ಟವೆಲಿನಿಂದ ಒಂದೊಂದಾಗಿ ಒರೆಸುತ್ತ ಮಾತಾಡುತ್ತಿದ್ದರು. ಅವರು ಹುಟ್ಟಿದ್ದು ಇಂಗ್ಲೆಂಡಿನ ಉತ್ತರ ಭಾಗದಲ್ಲಿ. ತಂದೆ ಹತ್ತಿ ಗಿರಣಿಯ ಕೂಲಿ. ಅವರೂರಿನ ಪಬ್ಬಿನ ಹಿಂದೆ ಬೌಲ್ಸ್ ಆಡುವ ಹುಲ್ಲು ಇತ್ತಂತೆ, ನಡುವೆ ಉಬ್ಬಿಕೊಂಡು ಆಮೆಯ ಬೆನ್ನಿನ ಹಾಗೆ. ಗಂಡಸರು ಸಂಜೆ ಗಿರಣಿಯಿಂದ ನೇರ ಅಲ್ಲಿಗೆ ಹೋಗಿ ಬಾಜಿ ಕಟ್ಟಿ ಆಡುತ್ತಿದ್ದರು. ಇವರು ಗೋಡೆ ಹತ್ತಿ ಕೂತು ನೋಡುತ್ತಿದ್ದರು. ಬಹಳ ಹಿಂದೆ ಅಲ್ಲಿನ ರಾಜರು ಕೂಲಿಯವರು ಈ ಆಟ ಆಡಕೂಡದು ಎಂದು ಕಾನೂನು ಮಾಡಿದ್ದರು, ಜನ ಬಿಲ್ಲುಬಾಣದ ಅಭ್ಯಾಸ ಬಿಟ್ಟುಬಿಟ್ಟರೆ ಯುದ್ಧಕ್ಕೆ ಯಾರು ಎಂಬ ಭಯಕ್ಕೆ ಎಂದು ಅವರ ತಂದೆ ಹೇಳುತ್ತಿದ್ದರಂತೆ. ಸಿರಿವಂತರು ಮಾತ್ರ ತಮ್ಮ ತೋಟದಲ್ಲಿ ಆಡಬಹುದಿತ್ತು. ಆಮೇಲೆ ಹುಲ್ಲು ಕತ್ತರಿಸುವ ಯಂತ್ರ ಬಂತು. ಕುರಿ ಮೇಯಿಸಿ, ಕುಡುಗೋಲಿನಲ್ಲಿ ಕೊಯ್ದು ಹುಲ್ಲನ್ನು ಸಮ ಮಾಡುವ ಕಾಲ ಹೋಯಿತು. ಊರೂರಿಗೆ ಒಂದು ಗ್ರೀನ್, ಎಂದರೆ ಆಡುವ ಹುಲ್ಲುಹಾಸು, ಆಯಿತು.

ಅವರ ಸಂಸಾರ ಹಡಗು ಹತ್ತಿ ಇಲ್ಲಿಗೆ ಬಂದಾಗ ಅವರಿನ್ನೂ ಶಾಲೆಯ ಹುಡುಗಿ. ಇಲ್ಲಿ ಗ್ರೀನ್ ಮೇಜಿನ ಹಾಗೆ ಸಪಾಟು. ಇದರಲ್ಲಿ ಆಡುವುದೇನಿದೆ ಎಂದು ತಂದೆ ಬಹಳ ದಿನ ಮುಖ ತಿರುಗಿಸಿಕೊಂಡಿದ್ದರಂತೆ, ಕೊನೆಗೆ ಬೇರೆ ದಾರಿಯಿಲ್ಲದೆ ಸೇರಿದರಂತೆ. ತಾಯಿ ಕ್ಲಬ್ಬಿನ ಅಡುಗೆಮನೆಯಲ್ಲಿ ಸ್ಯಾಂಡ್‌ವಿಚ್‌ಗೆ ಬೆಣ್ಣೆ ಸವರುತ್ತಿದ್ದರು. ಇವರು ಮದುವೆಯಾಗಿ ಆಟ ಕಲಿತಾಗ ಹೆಂಗಸರಿಗೆ ವಾರದ ನಡುವೆ, ಗಂಡಸರು ಕೆಲಸಕ್ಕೆ ಹೋದ ಹೊತ್ತಿನಲ್ಲಿ ಮಾತ್ರ ಗ್ರೀನ್ ಸಿಗುತ್ತಿತ್ತು. ಕ್ಲಬ್ಬಿನ ಸಭೆಯಲ್ಲಿ ಕೈಯೆತ್ತುವ ಹಕ್ಕು ಇರಲಿಲ್ಲ. ಗುರುವಾರ ಹೆಂಗಸರ ದಿನವಾಗಿ ಉಳಿದದ್ದು ಆ ಕಾಲದ್ದೇ ಪಳೆಯುಳಿಕೆ. ಇದನ್ನೆಲ್ಲ ಅವರು ಸಿಟ್ಟಿನಿಂದ ಹೇಳುತ್ತಿರಲಿಲ್ಲ. ಹವಾಮಾನದ ಸುದ್ದಿ ಹೇಳಿದ ಹಾಗೆ ಹೇಳಿ ಇನ್ನೊಂದು ಚೆಂಡು ಒರೆಸಲು ಎತ್ತಿಕೊಳ್ಳುತ್ತಿದ್ದರು.

ಒಳಗೆ ಗೋಡೆಯ ತುಂಬ ಹಳೆಯ ಫೋಟೋಗಳಿದ್ದವು. ಬಿಳಿ ಪ್ಯಾಂಟು, ಬಿಳಿ ಶರ್ಟಿನ ಗಂಡಸರು ಸಾಲು ಸಾಲಾಗಿ, ಜಾಗ ಸಾಲದೆ ನೆಲದ ಮೇಲೂ ಕೂತಿದ್ದರು. ಒಂದು ಕಾಲಕ್ಕೆ ಇಲ್ಲಿ ಮೆಂಬರ್ ಆಗಲು ವರ್ಷಗಟ್ಟಲೆ ಕಾಯಬೇಕಿತ್ತಂತೆ. ನಮ್ಮ ಕಾಲಕ್ಕೆ ಶುಕ್ರವಾರ ಸಂಜೆ ಮಾತ್ರ ಕ್ಲಬ್ಬು ತುಂಬುತ್ತಿತ್ತು. ಆಫೀಸುಗಳ ಹುಡುಗ ಹುಡುಗಿಯರು ಬರಿಗಾಲಿನಲ್ಲಿ, ಒಂದು ಕೈಯಲ್ಲಿ ಬಿಯರ್ ಹಿಡಿದು, ಇನ್ನೊಂದು ಕೈಯಲ್ಲಿ ಚೆಂಡು ಎಸೆಯುತ್ತಿದ್ದರು. ಚೆಂಡು ಹುಲ್ಲಿನ ಮೇಲೆ ದೊಪ್ಪೆಂದು ಬಿದ್ದಾಗಲೆಲ್ಲ ಮಾಲ್ಟಾದವರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಆ ಬಿಯರಿನ ದುಡ್ಡಿನಿಂದಲೇ ನಮ್ಮ ಹುಲ್ಲು ಕತ್ತರಿಸುವುದು ನಡೆಯುತ್ತಿದೆ, ಸುಮ್ಮನಿರು ಎಂದು ಸ್ಕಿಪ್ ಅವರನ್ನು ಸಮಾಧಾನ ಮಾಡುತ್ತಿದ್ದರು.

ಹೀಗೆ ಕೆಲವು ವರ್ಷ ಕಳೆದವು. ಒಂದು ಗುರುವಾರ ನಾನು ಉರುಳಿಸಿದ ಚೆಂಡು ಎಲ್ಲಿಗೋ ಹೋಯಿತು. ಎದುರು ತುದಿಯಿಂದ ಸ್ಕಿಪ್ ಕೈಯೆತ್ತಿ, ಚೆನ್ನಾಗಿದೆ, ಇನ್ನೊಂದು ಹೀಗೆಯೇ ಹಾಕು ಎಂದರು. ನಾನೂ ಮಾಲ್ಟಾದವರೂ ಮುಖ ಮುಖ ನೋಡಿಕೊಂಡೆವು. ಅದರ ಮುಂದಿನ ವಾರ ಅವರು ನಮ್ಮದನ್ನು ಬಿಟ್ಟು ಎದುರಾಳಿಯ ಚೆಂಡನ್ನು ಹೊಗಳಿದರು. ಟೀ ಕುಡಿಯುವಾಗ ಅವರೇ ಹೇಳಿದರು.

"ಕಣ್ಣಿನ ನಡುಭಾಗ ಹೋಗಿಬಿಟ್ಟಿದೆ. ಅಂಚು ಕಾಣಿಸುತ್ತೆ. ಈಗ ನಿನ್ನ ಕಿವಿ ಕಾಣಿಸ್ತಿದೆ, ಮುಖ ಕಾಣಿಸ್ತಿಲ್ಲ."

ಆಸ್ಪತ್ರೆಯಲ್ಲಿ ಕೆಲಸ ಮಾಡುವ ನನಗೆ ಆ ಕಾಯಿಲೆಯ ಹೆಸರು ಗೊತ್ತಿತ್ತು. ಅದು ವಾಸಿಯಾಗುವುದಿಲ್ಲ ಎಂಬುದೂ ಗೊತ್ತಿತ್ತು. ಡಾಕ್ಟರು ಏನಂದರು ಎಂದು ಕೇಳಿದೆ. ಅದನ್ನು ಬಿಡು ಎಂದರು. ಇನ್ನು ಮುಂದೆ ನೀನು ಸ್ಕಿಪ್ ಆಗಬೇಕು, ನಾನು ಲೀಡ್ ಆಡುತ್ತೇನೆ ಎಂದರು.

"ನನ್ನ ಕೈಲಾಗಲ್ಲ," ಎಂದೆ. "ಲ್ಯಾಬ್‌ನಲ್ಲೂ ನಾನೇ ಎಲ್ಲರಿಗೂ ಹೇಳಬೇಕು, ಮನೆಯಲ್ಲೂ ನಾನೇ ಹೇಳಬೇಕು. ಇದೊಂದು ಕಡೆ ನನಗೆ ಯಾರಾದರೂ ಹೇಳ್ತಿದ್ರು."

ಅಷ್ಟು ಉದ್ದದ ಮಾತನ್ನು ನಾನು ಅವರ ಮುಂದೆ ಅದುವರೆಗೆ ಆಡಿರಲಿಲ್ಲ. ಅವರು ಸ್ವಲ್ಪ ಹೊತ್ತು ನನ್ನ ಕಿವಿಯ ಕಡೆಗೆ ನೋಡಿದರು. ಟವೆಲು ಮಡಿಸಿ ಚೀಲಕ್ಕೆ ಹಾಕಿಕೊಂಡರು.

ಅವತ್ತು ಮೋಟರ್‌ವೇ ಮೇಲೆ ಎಲ್ಲೋ ಅಪಘಾತವಾಗಿತ್ತು. ಮನೆ ಸೇರುವ ಹೊತ್ತಿಗೆ ಬೆನ್ನು ಹಿಡಿದುಕೊಂಡಿತ್ತು. ಹುರುಳಿಕಾಯಿ ಹೆಚ್ಚುತ್ತ ಗಂಡನಿಗೆ ವಿಷಯ ಹೇಳಿದೆ. ಅವರು ಲ್ಯಾಪ್‌ಟಾಪ್ ಮುಚ್ಚಿ ನಿಧಾನವಾಗಿ ಕೇಳಿಸಿಕೊಂಡರು. "ಬಿಟ್ಬಿಡು, ಸುಮ್ನೆ ಯಾಕೆ ಮೈಮೇಲೆ ಹಾಕ್ಕೋತೀಯ? ಪಾರ್ಕಿಂಗ್‌ಗೆ ಅಂತ ಸೇರಿದ್ದು ತಾನೇ," ಎಂದರು. ಪ್ರೀತಿಯಿಂದಲೇ ಹೇಳಿದ್ದು, ಸರಿಯಾದ ಮಾತೂ ಹೌದು. ಬಿಟ್ಟುಬಿಡುವುದು ಎಂದುಕೊಂಡೇ ಮಲಗಿದೆ. ಮುಂದಿನ ಗುರುವಾರ ಅದನ್ನು ಎದುರಿನಲ್ಲೇ ಹೇಳಿ ಬರೋಣ ಎಂದು ಹೋದರೆ, ಅವರು ಆಗಲೇ ಜ್ಯಾಕ್ ಕೈಯಲ್ಲಿ ಹಿಡಿದು, ಲೀಡ್ ನಿಲ್ಲುವ ನನ್ನ ಜಾಗದಲ್ಲಿ ನಿಂತಿದ್ದರು. ಎದುರು ತುದಿ ಖಾಲಿಯಿತ್ತು. ಯಾರೂ ನನ್ನನ್ನು ಕರೆಯಲಿಲ್ಲ. ಚೀಲ ಕೆಳಗಿಟ್ಟು ಆ ತುದಿಗೆ ನಡೆದೆ.

ಅವರಿಗೆ ಕರವಸ್ತ್ರ ತೋರಿಸಿ ಪ್ರಯೋಜನವಿರಲಿಲ್ಲ. ಅವರು ಗುರಿಯಿಡಬೇಕಾದ ಜಾಗದಲ್ಲಿ ನಿಂತು ಚಪ್ಪಾಳೆ ತಟ್ಟುತ್ತಿದ್ದೆ. ಅವರು ಕತ್ತು ಸ್ವಲ್ಪ ವಾಲಿಸಿ ಕೇಳಿಸಿಕೊಂಡು, ಮೊಣಕಾಲು ಬಾಗಿಸಿ ಚೆಂಡು ಬಿಡುತ್ತಿದ್ದರು. ತೋಳು ಮಾತ್ರ ಹಳೆಯದನ್ನು ಮರೆತಿರಲಿಲ್ಲ. ಚೆಂಡು ನಿಂತ ಮೇಲೆ ಎಷ್ಟು ದೂರ, ಯಾವ ಕಡೆ ಎಂದು ನಾನು ಕೂಗಿ ಹೇಳಬೇಕು. ಮೊದಮೊದಲು ಬೇಜಾರಾಗಬಾರದೆಂದು ಸ್ವಲ್ಪ ಹತ್ತಿರ ಮಾಡಿಯೇ ಹೇಳುತ್ತಿದ್ದೆ. ಒಂದು ಸಲ ಅವರು ನಡೆದು ಬಂದು, ಕಾಲಿನಿಂದ ತಡವಿ ಅಂತರ ತಿಳಿದುಕೊಂಡು, ಇನ್ನೊಮ್ಮೆ ಹೀಗೆ ಮಾಡಿದರೆ ಮನೆಗೆ ಹೋಗುತ್ತೇನೆ ಎಂದರು. ಆಮೇಲೆ ಇದ್ದದ್ದನ್ನೇ ಹೇಳಿದೆ.

ಆ ವರ್ಷ ನಮ್ಮ ದರ್ಜೆಯ ಫೈನಲ್ ತಲುಪಿದೆವು. ಅದು ಅತ್ಯಂತ ಕೆಳಗಿನ ದರ್ಜೆ, ಬಹಳ ಕ್ಲಬ್ಬುಗಳು ಜನ ಸಾಲದೆ ನಡುವೆಯೇ ಬಿಟ್ಟಿದ್ದವು. ಕೊನೆಯ ಚೆಂಡು ನನ್ನದು. ಅದು ಜ್ಯಾಕ್ ಪಕ್ಕಕ್ಕೆ ಬಂದು ನಿಂತರೆ ಗೆಲುವು. ಬೆಳಗಿನ ಪಾಳಿ ಮುಗಿಸಿ ಬಂದಿದ್ದೆ, ಕೈ ಸೋತಿತ್ತು. ಚೆಂಡು ಸರಿಯಾದ ದಾರಿಯಲ್ಲಿಯೇ ಹೋಗಿ, ತಿರುಗಿ, ತಲುಪುವ ಮೊದಲೇ ನಿಂತುಬಿಟ್ಟಿತು. ಎದುರು ತಂಡದ ಹೆಂಗಸರು ಬಂದು ಕೈ ಕುಲುಕಿದರು. ಏನಾಯಿತು ಎಂದು ಸ್ಕಿಪ್ ಕೇಳಿದರು. ಅವರನ್ನು ಆಗಲೂ ನಾನು ಸ್ಕಿಪ್ ಎಂದೇ ಕರೆಯುತ್ತಿದ್ದೆ. ಸಾಲಲಿಲ್ಲ ಎಂದೆ. ಅವರು ನನ್ನ ಭುಜ ಹುಡುಕಿ ಕೈಯಿಟ್ಟು, ಹಸಿವಾಗಿದೆ, ನಡಿ ಎಂದರು.

ಗಂಡನಿಗೆ ಮೆಲ್ಬರ್ನ್‌ನಲ್ಲಿ ಕೆಲಸವಾಯಿತು. ಕ್ಲೈಡ್ ನಾರ್ತ್‌ನಲ್ಲಿ ಇನ್ನೊಂದು ಹೊಸ ಮನೆ, ಇನ್ನೊಂದು ಮಾರ್ಟ್‌ಗೇಜ್, ನನಗೆ ಇನ್ನೊಂದು ಲ್ಯಾಬ್. ಹೊಸ ಬಡಾವಣೆಯಲ್ಲಿ ಕ್ರಿಕೆಟ್ಟಿಗೆ, ಫುಟ್‌ಬಾಲಿಗೆ ದೊಡ್ಡ ಮೈದಾನಗಳಿದ್ದವು, ಬೌಲ್ಸಿಗೆ ಯಾರೂ ಜಾಗ ಬಿಟ್ಟಿರಲಿಲ್ಲ. ಹಳೆಯ ಸಬರ್ಬ್ ಒಂದರಲ್ಲಿ ಕ್ಲಬ್ ಇದೆ ಎಂದು ಗೊತ್ತಿತ್ತು. ಈ ವಾರ ಹೋಗೋಣ ಎಂದುಕೊಳ್ಳುತ್ತ ಚಳಿಗಾಲ ಮುಗಿಯಿತು. ಮಾಲ್ಟಾದವರು ಆಗಾಗ ಫೋನ್ ಮಾಡುತ್ತಿದ್ದರು. ಸ್ಕಿಪ್ ವೃದ್ಧಾಶ್ರಮಕ್ಕೆ ಹೋದ ಸುದ್ದಿ ಅವರಿಂದಲೇ ತಿಳಿದದ್ದು. ಕ್ಲಬ್ಬು ಮುಚ್ಚುತ್ತಿದೆ ಎಂಬುದನ್ನೂ ಅವರೇ ಹೇಳಿದರು. ಇನ್ನೊಂದು ಕ್ಲಬ್ಬಿನ ಜೊತೆ ಸೇರಿಸುತ್ತಾರಂತೆ, ಜಾಗದಲ್ಲಿ ಅಪಾರ್ಟ್‌ಮೆಂಟ್ ಬರುತ್ತದಂತೆ. ಕೊನೆಯ ಆಟಕ್ಕೆ ಬಾ ಎಂದರು. ರಜೆ ಹಾಕಿ ಸಿಡ್ನಿಗೆ ಹೋದೆ.

ವೃದ್ಧಾಶ್ರಮದಿಂದ ಸ್ಕಿಪ್‌ರನ್ನು ನಾವಿಬ್ಬರೂ ಕರೆದುಕೊಂಡು ಬಂದೆವು. ಬಹಳ ಇಳಿದುಹೋಗಿದ್ದರು, ಬಿಳಿ ಟೋಪಿ ಮಾತ್ರ ಇಸ್ತ್ರಿ ಮಾಡಿದ ಹಾಗಿತ್ತು. ಕ್ಲಬ್ಬಿನಲ್ಲಿ ಭಾಷಣಗಳಾದವು. ನೀರು ಹಾಕುವುದನ್ನು ಆಗಲೇ ನಿಲ್ಲಿಸಿದ್ದರಿಂದ ಹುಲ್ಲು ಅಲ್ಲಲ್ಲಿ ಹಳದಿಯಾಗಿತ್ತು. ಒಬ್ಬೊಬ್ಬರೂ ಒಂದೊಂದು ಚೆಂಡು ಉರುಳಿಸುವುದೆಂದು ಮಾತಾಯಿತು. ಸ್ಕಿಪ್‌ರ ಸರದಿ ಬಂದಾಗ ನಾನು ಎದುರು ತುದಿಗೆ ಹೋಗಿ ಚಪ್ಪಾಳೆ ತಟ್ಟಿದೆ. ಜನರೆಲ್ಲ ಮಾತು ನಿಲ್ಲಿಸಿದರು. ಅವರು ಬಾಗಲು ಬಹಳ ಹೊತ್ತು ತೆಗೆದುಕೊಂಡರು. ಚೆಂಡು ನನ್ನ ಪಕ್ಕದಲ್ಲೇ ಹಾದು, ಜ್ಯಾಕ್ ದಾಟಿ, ಗ್ರೀನ್‌ನ ಸುತ್ತಲಿನ ಕಾಲುವೆಗೆ ಬಿತ್ತು.

"ಎಲ್ಲಿ?" ಎಂದು ಕೇಳಿದರು.

"ಕಾಲುವೆಯಲ್ಲಿ."

"ದೂರ ಹೋಯ್ತಾ?"

"ಬಹಳ ದೂರ."

"ಹಾಗಾದ್ರೆ ಸರಿ," ಎಂದರು. "ಅಲ್ಲಿವರೆಗೆ ಮುಟ್ಟೋದೇ ಇಲ್ವೇನೋ ಅಂತ ಹೆದರಿದ್ದೆ."

ಅವರು ತೀರಿಕೊಂಡದ್ದು ಮುಂದಿನ ವರ್ಷ. ಫೋನ್ ಬಂದಾಗ ನಾನು ಲ್ಯಾಬ್‌ನಲ್ಲಿದ್ದೆ, ಸ್ಯಾಂಪಲ್ಲುಗಳು ಸಾಲಾಗಿ ಕಾಯುತ್ತಿದ್ದವು. ಹೊರಗೆ ಹೋಗಿ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತೆ. ಅಳು ಬರಲಿಲ್ಲ, ಎದ್ದು ನಿಲ್ಲಬೇಕು ಅಂತಲೂ ಅನ್ನಿಸಲಿಲ್ಲ. ಆಮೇಲೆ ಒಳಗೆ ಹೋಗಿ ಉಳಿದ ಕೆಲಸ ಮುಗಿಸಿದೆ. ಅಂತ್ಯಸಂಸ್ಕಾರಕ್ಕೆ ಹೋಗಲು ಆಗಲಿಲ್ಲ, ಆ ವಾರ ಲ್ಯಾಬ್‌ನಲ್ಲಿ ಇಬ್ಬರು ರಜೆಯಲ್ಲಿದ್ದರು.

ಊಟಕ್ಕೆ ಕೂತಾಗ ಮಗಳಿಗೆ ಹೇಳಿದೆ. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನದು. ಚಿಕ್ಕವಳಿದ್ದಾಗ ಒಂದೆರಡು ಸಲ ಕ್ಲಬ್ಬಿಗೆ ಬಂದದ್ದು ಅವಳಿಗೆ ಮಸುಕಾಗಿ ನೆನಪಿತ್ತು. ನೀವಿಬ್ಬರೂ ಚೆನ್ನಾಗಿ ಆಡುತ್ತಿದ್ದಿರಾ ಎಂದು ಕೇಳಿದಳು.

"ಅವ್ರು ಚೆನ್ನಾಗಿ ಆಡ್ತಿದ್ರು. ನಾನು ಸುಮಾರು," ಎಂದೆ.

ಮತ್ತೆ ಆಡುತ್ತೀಯಾ ಎಂದಳು. ಗೊತ್ತಿಲ್ಲ ಎಂದೆ. ನಾನು ಹೇಳದೆಯೇ ಅವಳು ತನ್ನ ತಟ್ಟೆಯ ಜೊತೆಗೆ ನನ್ನ ತಟ್ಟೆಯನ್ನೂ ಎತ್ತಿಕೊಂಡು ಸಿಂಕಿನ ಕಡೆಗೆ ಹೋದಳು. ನೀರು ಬಿಟ್ಟ ಸದ್ದು ಕೇಳಿಸಿತು. ನಾನು ಕೂತಲ್ಲಿಯೇ ಕೂತಿದ್ದೆ.